ಊಟ, ಗುಳಿಗೆ, ದಿನಚರಿ: ಕೊಯಮತ್ತೂರು ಸೀಮೆಯಿಂದ ಒಂದು ಆರೋಗ್ಯ ಸಮೀಕ್ಷೆ

ಕೊಯಮತ್ತೂರಿನ ತಿರುಚ್ಚಿ ರಸ್ತೆಯಲ್ಲಿ ಸಿಂಗಾನಲ್ಲೂರಿನ ಕಡೆ ಬಂದರೆ ಆರೋಗ್ಯ ಮೂರು ಬಗೆಯ ಅಂಗಡಿಗಳಲ್ಲಿ ಮಾರಾಟಕ್ಕಿದೆ. ‘ಉಳವರ್ ಸಂದೈ’ ಎನ್ನುವ ರೈತರ ಸಂತೆಯಲ್ಲಿ ಬೆಳ್ಳಂಬೆಳಗ್ಗೆ ನುಗ್ಗೆಸೊಪ್ಪು, ದಂಟು, ಬಾಳೆದಿಂಡು ಬಂದು ಬೀಳುತ್ತವೆ. ಗ್ರಂಧಿಗೆ ಅಂಗಡಿಯಲ್ಲಿ ಒಣಶುಂಠಿ, ತ್ರಿಫಲಾ, ಅಶ್ವಗಂಧದ ಪುಡಿ ಸಿಗುತ್ತವೆ. ಔಷಧಿ ಅಂಗಡಿಯ ಗಾಜಿನ ಹಿಂದೆ ಮಲ್ಟಿವಿಟಮಿನ್, ಕ್ಯಾಲ್ಸಿಯಂ, ಮೀನೆಣ್ಣೆಯ ಕ್ಯಾಪ್ಸೂಲು, ಪ್ರೋಟೀನ್ ಪುಡಿಯ ದೊಡ್ಡ ಡಬ್ಬ. ಮೂರೂ ಕಡೆ ಕೈಚೀಲ ಚಾಚುವ ಮನೆಗಳೇ ಹೆಚ್ಚು. ಯಾವುದು ಕೆಲಸ ಮಾಡುತ್ತದೆಂದು ಖಾತ್ರಿಯಿಲ್ಲದಾಗ ಎಲ್ಲವನ್ನೂ ಒಂದಿಷ್ಟು ತಂದಿಟ್ಟುಕೊಳ್ಳುವುದು ಲೋಕರೂಢಿ.

ಕನ್ನಡಿಗರಿಗೆ ಸಿಂಗಾನಲ್ಲೂರು ಅಂದೊಡನೆ ರಾಜ್‌ಕುಮಾರ್ ನೆನಪಾಗುತ್ತಾರೆ. ಅವರ ಹೆಸರಿನ ಜೊತೆ ಬರುವುದು ಕೊಳ್ಳೇಗಾಲದ ಕಡೆಯ ಸಿಂಗಾನಲ್ಲೂರು; ಇದು ಬೇರೆ. ಆದರೆ 1956ರವರೆಗೆ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಮನೆಯಲ್ಲಿ ಕನ್ನಡ ಆಡುವ ದೇವಾಂಗರು, ಒಕ್ಕಲಿಗರು, ಅನುಪ್ಪ ಗೌಂಡರು ಈ ಸೀಮೆಯಲ್ಲಿ ಇಂದಿಗೂ ಇದ್ದಾರೆ. ರಾಗಿ, ಹುರುಳಿ, ಸಜ್ಜೆಯ ಅಡುಗೆಯಲ್ಲಿ ಕೊಂಗುನಾಡಿಗೂ ಹಳೇ ಮೈಸೂರಿಗೂ ಗಡಿಯೇ ಇಲ್ಲ.

ದಿನನಿತ್ಯದ ಆರೋಗ್ಯವನ್ನು ಕಾಯುವುದು ಊಟವೋ, ಪೂರಕ ಗುಳಿಗೆಯೋ, ಬದುಕುವ ಕ್ರಮವೋ ಎಂಬ ಜಗಳವನ್ನು ‘ಸಹಜ’ ಮತ್ತು ‘ಕೃತಕ’ ಎಂದು ಎರಡು ಪಾಲು ಮಾಡುವುದು ವಾಡಿಕೆ. ಆ ಗೆರೆಯನ್ನೇ ತಪ್ಪು ಜಾಗದಲ್ಲಿ ಎಳೆದಿದ್ದಾರೆಂದು ನನ್ನ ಅಭಿಪ್ರಾಯ. ಯಾವ ಕೊರತೆಯನ್ನು ತುಂಬಲು ಹೊರಟಿದ್ದೇವೆಂದು ಹೆಸರಿಟ್ಟು ಹೇಳಬಲ್ಲೆವೇ ಎಂಬುದು ಅದಕ್ಕಿಂತ ಮುಖ್ಯವಾದ ಪ್ರಶ್ನೆ. ಈ ವಾದದ ಭಾರತೀಯ ಚರಿತ್ರೆಯ ದೊಡ್ಡ ಭಾಗ ನಡೆದದ್ದು ಸಿಂಗಾನಲ್ಲೂರಿನಿಂದ ಕೆಲವೇ ಗಂಟೆಗಳ ದಾರಿಯ ಕೂನೂರಿನಲ್ಲಿ.

ಕೂನೂರಿನ ಇಲಿಗಳು

1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ಸೇನಾ ವೈದ್ಯ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ ಬೆರಿಬೆರಿ ರೋಗದ ವಿಚಾರಣೆ ಶುರುಮಾಡಿದರು. ಅದೇ ಬೆಳೆದು ಪೌಷ್ಟಿಕಾಂಶ ಸಂಶೋಧನಾ ಪ್ರಯೋಗಾಲಯವಾಯಿತು, 1958ರಲ್ಲಿ ಹೈದರಾಬಾದಿಗೆ ಹೋಯಿತು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು.

ಮೆಕ್‌ಕ್ಯಾರಿಸನ್ ಮಾಡಿದ ಒಂದು ಪ್ರಯೋಗ ಇಂದಿಗೂ ಭಾಷಣಗಳಲ್ಲಿ ಬಂದುಹೋಗುತ್ತದೆ. ಭಾರತದ ಬೇರೆಬೇರೆ ಜನರ ಊಟವನ್ನು ಬೇರೆಬೇರೆ ಇಲಿಗುಂಪುಗಳಿಗೆ ತಿನ್ನಿಸಿದರು. ಸಿಖ್ಖರು, ಪಠಾಣರು, ಮರಾಠರು, ಗೂರ್ಖರು, ಬಂಗಾಳಿಗಳು, ಮದರಾಸಿಗಳು. ಆ ಸಾಲಿನಲ್ಲಿ ‘ಕೆನರೀಸ್’ ಎಂದು ನಮ್ಮ ಊಟವೂ ಇತ್ತು. ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ಹಸಿ ತರಕಾರಿ ತಿಂದ ಸಿಖ್ಖ್ ಗುಂಪಿನ ಇಲಿಗಳ ಸರಾಸರಿ ತೂಕ 235 ಗ್ರಾಂ. ಪಾಲಿಶ್ ಮಾಡಿ ತೊಳೆದ ಅಕ್ಕಿಯೇ ಪ್ರಧಾನವಾಗಿದ್ದ ಮದರಾಸಿ ಗುಂಪಿನದು 155. ಕನ್ನಡದ ಊಟ ಸಾಲಿನ ಕೆಳಭಾಗದಲ್ಲಿ ನಿಂತಿತು. 1936ರಲ್ಲಿ ಲಂಡನ್ನಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಅವರು ಇದನ್ನೇ ಮುಂದಿಟ್ಟು, ರೋಗಕ್ಕೆ ಮದ್ದು ಹುಡುಕುವ ಬದಲು ಆರೋಗ್ಯಕ್ಕೆ ಏನು ಬೇಕೆಂದು ಕೇಳಿ ಎಂದರು. ಸಹಜ ಆಹಾರದ ಚಳವಳಿ ಅವರನ್ನು ಗುರುವಾಗಿ ಒಪ್ಪಿಕೊಂಡದ್ದು ಅಲ್ಲಿಂದಲೇ.

ಪ್ರಯೋಗದ ಒಳಗೆ ಒಂದು ದೋಷವಿದೆ. ಹೊಲ, ಹಸು ಎರಡೂ ಇದ್ದ ರೈತನ ಊಟವನ್ನು ಬಡ ಕೂಲಿಯವನ ಊಟದ ಎದುರು ನಿಲ್ಲಿಸಿ, ಆ ಅಂತರಕ್ಕೆ ಜನಾಂಗದ ಹೆಸರು ಕೊಟ್ಟರು. ಒಂದು ಗುಂಪಿನ ತಟ್ಟೆಯಲ್ಲಿ ಹಾಲು ಧಾರಾಳವಾಗಿತ್ತು, ಇನ್ನೊಂದರಲ್ಲಿ ಇಲ್ಲವೆನ್ನುವಷ್ಟು. ಗೋಧಿ ತಿನ್ನುವವ ವೀರ, ಅಕ್ಕಿ ತಿನ್ನುವವ ಬಡಕಲ ಎಂಬ ಅಂದಿನ ಸೇನೆಯ ನಂಬಿಕೆಗೆ ಇಲಿಗಳೂ ಸಾಕ್ಷಿ ಹೇಳಿದಂತಾಯಿತು.

ಬೆರಿಬೆರಿಯ ವಿಷಯದಲ್ಲಿ ಮಾತ್ರ ಕೂನೂರಿನ ಕೆಲಸ ಗಟ್ಟಿ. ಈಗಿನ ಕರಾವಳಿ ಆಂಧ್ರದಲ್ಲಿ ಗಿರಣಿಯ ಬೆಳ್ತಿಗೆ ಅಕ್ಕಿ ತಿನ್ನುವವರಿಗೆ ಆ ರೋಗ ಬರುತ್ತಿತ್ತು. ದಕ್ಷಿಣದಲ್ಲಿ ಕುಸುಬಲಕ್ಕಿ ತಿನ್ನುವವರಿಗೆ ಅಪರೂಪ. ಭತ್ತವನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ ಒಣಗಿಸುವಾಗ ಹೊಟ್ಟಿನಡಿಯ ಥಯಾಮಿನ್, ಅಂದರೆ ಬೆರಿಬೆರಿಯನ್ನು ತಡೆಯುವ ವಿಟಮಿನ್, ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಗಿರಣಿ ಎಷ್ಟು ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ವಿಟಮಿನ್ನಿನ ಹೆಸರೇ ಕೇಳಿರದ ಅಡುಗೆಮನೆ ಅದನ್ನು ಕಾಪಾಡಿಕೊಂಡು ಬಂದಿತ್ತು.

ಮೆಕ್‌ಕ್ಯಾರಿಸನ್ ನಂತರ 1935ರಲ್ಲಿ ಬಂದ ಡಬ್ಲ್ಯು. ಆರ್. ಆಯ್ಕ್ರಾಯ್ಡ್ ಇಡೀ ಊಟ ನೋಡುವುದನ್ನು ಬಿಟ್ಟು ಪದಾರ್ಥಗಳನ್ನು ಒಂದೊಂದಾಗಿ ಅಳೆದರು. ಅವರ ಆಹಾರ ಮೌಲ್ಯದ ಪಟ್ಟಿಗಳು 1937ರಲ್ಲಿ ಹೊರಬಂದವು. ಇಂದು ರಾಗಿ ಪ್ಯಾಕೆಟ್ಟಿನ ಹಿಂದೆ ಕಾಣುವ ಕ್ಯಾಲ್ಸಿಯಂ ಅಂಕಿಯ ಮೂಲಪುರುಷ ಆ ಪಟ್ಟಿ. ಈಗಿನ, ಅಂದರೆ 2017ರ, ಪಟ್ಟಿಯ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ಅದು 364 ಮಿಲಿಗ್ರಾಂ. ಊಟವನ್ನು ಇಡಿಯಾಗಿ ನೋಡುವ ಪಂಥ, ಬಿಡಿಬಿಡಿಯಾಗಿ ಎಣಿಸುವ ಪಂಥ, ಎರಡೂ ಒಂದೇ ಕಟ್ಟಡದಲ್ಲಿ ಹುಟ್ಟಿದವು.

ಗುಳಿಗೆ ಗೆದ್ದ ಕಡೆ, ಸೋತ ಕಡೆ

ಕೊರತೆ ಸಿದ್ಧಾಂತದ ಗೆಲುವುಗಳನ್ನು ಅಲ್ಲಗಳೆಯುವಂತಿಲ್ಲ. ಅಯೋಡಿನ್ ಬೆರೆಸಿದ ಉಪ್ಪು ಗಳಗಂಡವನ್ನು ಹಿಂದಕ್ಕೆ ತಳ್ಳಿತು. ಮೊದಲೊಮ್ಮೆ ನರಕೊಳವೆ ದೋಷದ ಮಗುವನ್ನು ಹೆತ್ತಿದ್ದ ತಾಯಂದಿರಲ್ಲಿ, ಗರ್ಭ ಕಟ್ಟುವ ಮುಂಚಿನಿಂದ ಫೋಲಿಕ್ ಆಮ್ಲ ಕೊಟ್ಟರೆ ಆ ದೋಷ ಮರುಕಳಿಸುವುದು ಶೇ. 72ರಷ್ಟು ತಗ್ಗುತ್ತದೆಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗ ತೋರಿಸಿತು. ಬಿ12 ಇದಕ್ಕಿಂತ ಕಟ್ಟುನಿಟ್ಟು. ಅದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ ನೆಚ್ಚಬಹುದಾದಷ್ಟು ಸಿಗುತ್ತದೆ. ಹುಳಿ ಬಂದ ಹಿಟ್ಟಿನಲ್ಲಿ, ಸೊಪ್ಪಿನಲ್ಲಿ, ಸ್ಪಿರುಲಿನಾದಲ್ಲಿ ಇದೆಯೆಂದು ಹೇಳಿ ಸಂಪೂರ್ಣ ಸಸ್ಯಾಹಾರಿಯನ್ನು ಗುಳಿಗೆಯಿಂದ ದೂರ ಇಡುವುದು ನರಗಳ ಜೊತೆ ಆಡುವ ಜೂಜು. ಸಹಜವಾದಿಗಳ ವಾದದಲ್ಲಿ ಅತ್ಯಂತ ದುರ್ಬಲ ಕೊಂಡಿ ಇದು.

ಕೊರತೆ ಇಲ್ಲದವನಿಗೆ ಅದನ್ನೇ ಕೊಟ್ಟರೆ? ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ನನ್ನು ಗುಳಿಗೆಯಾಗಿ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರು ಶೇ. 18ರಷ್ಟು ಹೆಚ್ಚಾಗಿತ್ತು. ತರಕಾರಿ ಹೆಚ್ಚು ತಿನ್ನುವವರಿಗೆ ಕ್ಯಾನ್ಸರು ಕಡಿಮೆ ಎಂಬ ಗಮನಿಕೆಯಿಂದಲೇ ಆ ಪ್ರಯೋಗ ಹುಟ್ಟಿತ್ತು. ತರಕಾರಿಯಿಂದ ಒಂದೇ ಅಣುವನ್ನು ಹಿರಿದು ತೆಗೆದಾಗ ಫಲ ತಿರುಗುಮುರುಗಾಯಿತು. 2018ರಲ್ಲಿ ಅಮೆರಿಕದ ‘ವೈಟಲ್’ ಪ್ರಯೋಗ 25,871 ಜನರಿಗೆ ವಿಟಮಿನ್ ಡಿ, ಮೀನೆಣ್ಣೆ ಕೊಟ್ಟು ನೋಡಿತು. ಕ್ಯಾನ್ಸರಾಗಲಿ ದೊಡ್ಡ ಹೃದಯಾಘಾತ, ಪಾರ್ಶ್ವವಾಯುಗಳ ಒಟ್ಟು ಲೆಕ್ಕವಾಗಲಿ ತಗ್ಗಲಿಲ್ಲ.

ನಮ್ಮ ಅಂಗಡಿಗಳಿಗೆ ಮರಳಿದರೆ, 2016ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಪೂರಕಗಳ ಡಬ್ಬದ ಮೇಲೆ ‘ಔಷಧವಾಗಿ ಬಳಸಲು ಅಲ್ಲ’ ಎಂಬ ಅರ್ಥದ ಮಾತು ಇರಲೇಬೇಕು. ಗಿರಾಕಿ ಅದನ್ನು ಔಷಧವೆಂದೇ ಕೊಳ್ಳುತ್ತಾನೆ. 2024ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಪೋಷಣಾ ಸಂಸ್ಥೆಯ ಹದಿನೇಳು ಸೂತ್ರಗಳ ಆಹಾರ ಮಾರ್ಗದರ್ಶಿ, ಮೈಕಟ್ಟಿಗಾಗಿ ಪ್ರೋಟೀನ್ ಪುಡಿ ಬೇಡವೆಂದು ನೇರವಾಗಿ ಹೇಳಿದೆ. ಕಡಲೆಕಾಯಿ, ಹುರುಳಿ ಬೆಳೆಯುವ ಸೀಮೆಯಲ್ಲಿ ಸಾವಿರಾರು ರೂಪಾಯಿಯ ಡಬ್ಬ ಬಿಕರಿಯಾಗುತ್ತಿರುವುದು ಜಾಹೀರಾತಿನ ಸಾಮರ್ಥ್ಯಕ್ಕೆ ಸಾಕ್ಷಿ.

ಸಿರಿಧಾನ್ಯ ಮತ್ತು ಸತ್ತುಮಾವು

ಇಡೀ ಊಟದ ಪಂಥ ಈಗ ಸಿರಿಧಾನ್ಯದ ವೇಷದಲ್ಲಿ ಮರಳಿದೆ. ಇದಕ್ಕೂ ಕೊಯಮತ್ತೂರಿನಲ್ಲಿ ಹಳೆಯ ಬೇರಿದೆ. ಈಗ ಕೃಷಿ ವಿಶ್ವವಿದ್ಯಾಲಯವಿರುವ ಕಡೆ 1923ರಲ್ಲೇ ಕಿರುಧಾನ್ಯಗಳ ತಳಿ ಕೇಂದ್ರ ಶುರುವಾಗಿತ್ತು, ಜಿ. ಎನ್. ರಂಗಸ್ವಾಮಿ ಅಯ್ಯಂಗಾರ್ ಅಲ್ಲಿ ಜೋಳ, ಸಜ್ಜೆ, ರಾಗಿಗಳ ತಳಿಶಾಸ್ತ್ರ ಕಟ್ಟಿದರು. ಹೊಲದಲ್ಲಿ ತಳಿ ಸುಧಾರಿಸುತ್ತಿದ್ದರೂ ತಟ್ಟೆಯಿಂದ ಧಾನ್ಯ ಕಳಚಿಕೊಂಡಿತು. ನೀರಾವರಿ, ಗಿರಣಿ, ಪಡಿತರ ಮೂರೂ ಅಕ್ಕಿಯ ಪರವಾಗಿದ್ದವು. ತಮಿಳುನಾಡಿನಲ್ಲಿ 2011ರಿಂದ ಪಡಿತರದ ಅಕ್ಕಿ ಪುಕ್ಕಟೆ. ಕರ್ನಾಟಕದಲ್ಲಿ 2013ರಿಂದ ಅನ್ನಭಾಗ್ಯ. ಹಸಿವು ನೀಗಿಸಿದ ಯೋಜನೆಗಳಿವು, ನಾನು ಇವನ್ನು ಹಳಿಯಲಾರೆ. ಆದರೆ ಮುದ್ದೆ ತಿರುವುವ ತೋಳು ಸೋಮಾರಿಯಾಯಿತು ಎನ್ನುವವರು ಪುಕ್ಕಟೆ ಅಕ್ಕಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದಾಗ ಉತ್ಸಾಹ ಉಕ್ಕಿತು. ಸಿರಿಧಾನ್ಯ ತಿಂದರೆ ಸಕ್ಕರೆ ಕಾಯಿಲೆಯವರ ಖಾಲಿಹೊಟ್ಟೆಯ ಸಕ್ಕರೆ ಶೇ. 12, ಊಟದ ನಂತರದ್ದು ಶೇ. 15 ಇಳಿಯುತ್ತದೆಂದು ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ನೇತೃತ್ವದ ತಂಡ 2021ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಹೇಳಿತ್ತು. ಅವುಗಳಲ್ಲಿ ಬಹುಪಾಲು ಚಿಕ್ಕವು, ಅಲ್ಪಾವಧಿಯವು. ಇನ್ನು ನವಣೆ ಈ ಅಂಗಕ್ಕೆ, ಆರ್ಕ ಆ ರೋಗಕ್ಕೆ ಎಂದು ಕೆಲವರು ಮಾಡುವ ಹಂಚಿಕೆಗೆ ಇಷ್ಟರಮಟ್ಟಿನ ಆಧಾರವೂ ಇಲ್ಲ.

ಧಾನ್ಯದ ಹೆಸರಿಗಿಂತ ಅದನ್ನು ಹದಮಾಡುವ ಬಗೆ ಎಷ್ಟು ಮುಖ್ಯವೆನ್ನುವುದಕ್ಕೆ ಸತ್ತುಮಾವು ಎಂಬ ಮಿಶ್ರ ಕಾಳುಹಿಟ್ಟನ್ನು ಹತ್ತಿರದಿಂದ ನೋಡಬೇಕು. ಹಳೇ ಮೈಸೂರಿನ ಮೊಳಕೆರಾಗಿ ಸರಿಹಿಟ್ಟಿಗೆ ಇದು ನೆಂಟ. ರಾಗಿ, ಸಜ್ಜೆ, ಹೆಸರು, ಹುರುಳಿಯನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಬಿಗಿದು ಕಟ್ಟಿ, ಮೊಳಕೆ ಮೂಡಿದ ಮೇಲೆ ನೆರಳಲ್ಲಿ ಒಣಗಿಸಿ, ಘಮ ಬರುವಂತೆ ಹುರಿದು, ಏಲಕ್ಕಿ, ಒಣಶುಂಠಿ ಸೇರಿಸಿ ಗಿರಣಿಗೆ ಕೊಡುತ್ತಾರೆ. ಮೊಳಕೆ ಬರುವಾಗ ಕಬ್ಬಿಣ, ಸುಣ್ಣದಂಶಗಳನ್ನು ಹಿಡಿದಿಟ್ಟುಕೊಂಡಿದ್ದ ಫೈಟೇಟ್ ಒಡೆಯುತ್ತದೆ. ಜೊತೆಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಕತ್ತರಿಸುತ್ತದೆ. ಹಾಗಾಗಿ ಅಷ್ಟೇ ಹಿಟ್ಟು ಹಾಕಿದರೂ ಗಂಜಿ ತೆಳ್ಳಗಿರುತ್ತದೆ. ಚಿಕ್ಕ ಹೊಟ್ಟೆಯ ಕೂಸು ಒಂದು ಬಟ್ಟಲಿನಲ್ಲಿ ಹೆಚ್ಚು ಅನ್ನಾಂಶ ಕುಡಿಯುತ್ತದೆ. ಬರೋಡದಲ್ಲಿ ತಾರಾ ಗೋಪಾಲದಾಸ್ ಮತ್ತವರ ಸಹೋದ್ಯೋಗಿಗಳು ಇದನ್ನೇ ವಿಜ್ಞಾನದ ಭಾಷೆಯಲ್ಲಿ ನಿರೂಪಿಸಿದರು.

ಮೊಳಕೆ ಕಟ್ಟುವುದು ದಿನಗಳ ಕೆಲಸ. ಅಂಗಡಿಗೆ ಬರುವ ‘ಹೆಲ್ತ್ ಮಿಕ್ಸ್’ನಲ್ಲಿ ಆ ಹಂತ ಎಷ್ಟೋ ವೇಳೆ ಬಿಟ್ಟುಹೋಗಿ, ಹುರಿದ ಹಿಟ್ಟಿಗೆ ಸಕ್ಕರೆ ಸೇರಿರುತ್ತದೆ. ಕೂಸಿಗೆ ಒಳ್ಳೆಯದಾದ ತೆಳ್ಳನೆ ರಾಗಿಮಾಲ್ಟು ಸಕ್ಕರೆ ಕಾಯಿಲೆಯ ತಾತನಿಗೆ ಅಷ್ಟು ಒಳ್ಳೆಯದಲ್ಲ. ನುಣ್ಣಗೆ ಬೀಸಿ, ಪಿಷ್ಟ ಒಡೆದ ಗಂಜಿ ರಕ್ತಕ್ಕೆ ಬೇಗ ಇಳಿಯುತ್ತದೆ.

ಕಷಾಯ ಮತ್ತು ಪ್ರಕೃತಿ

ಆಯುರ್ವೇದ, ಸಿದ್ಧಗಳ ದಾರಿ ಬೇರೆ. ಒಂದೇ ಆಹಾರ ಎಲ್ಲರಿಗೂ ಸರಿ ಎಂಬುದನ್ನೇ ಅವು ಒಪ್ಪುವುದಿಲ್ಲ. ಅವರವರ ಪ್ರಕೃತಿ, ಋತು, ಜೀರ್ಣಶಕ್ತಿ ನೋಡಿ ಪಥ್ಯ ಹೇಳುತ್ತವೆ. ಪ್ರಶ್ನೆ ಎಂದರೆ, ಒಬ್ಬೊಬ್ಬರಿಗೆ ಒಂದೊಂದು ಮದ್ದು ಕೊಡುವ ಪದ್ಧತಿಯನ್ನು ಎಲ್ಲರಿಗೂ ಒಂದೇ ಗುಳಿಗೆ ಕೊಡುವ ಪ್ರಯೋಗದಲ್ಲಿ ಪರೀಕ್ಷಿಸುವುದು ಹೇಗೆ?

ಉತ್ತರದ ಒಂದು ಯತ್ನ ಕೊಯಮತ್ತೂರಿನಲ್ಲೇ ನಡೆಯಿತು. ಪಿ. ವಿ. ರಾಮ ವಾರಿಯರ್ 1943ರಲ್ಲಿ ಕಟ್ಟಿದ ಆರ್ಯ ವೈದ್ಯ ಫಾರ್ಮಸಿಯಲ್ಲಿ 1977ರಿಂದ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಐಸಿಎಂಆರ್ ಬೆಂಬಲದಿಂದ ಆಮವಾತದ ಅಧ್ಯಯನ ನಡೆದಿತ್ತು. ಅದರ ಬೆನ್ನಿಗೆ ಅಮೆರಿಕದ ಸರ್ಕಾರಿ ನೆರವಿನಿಂದ ಇನ್ನೊಂದು ಪ್ರಯೋಗವಾಗಿ, ವರದಿ 2011ರಲ್ಲಿ ಬಂತು. 43 ರೋಗಿಗಳು, 36 ವಾರ. ಒಂದು ಗುಂಪಿಗೆ ವೈದ್ಯರು ನಾಡಿ ನೋಡಿ ಆರಿಸಿದ ಆಯುರ್ವೇದ ಮದ್ದು, ಒಂದಕ್ಕೆ ಮೆಥೊಟ್ರೆಕ್ಸೇಟ್ ಎಂಬ ಆಧುನಿಕ ಔಷಧ, ಇನ್ನೊಂದಕ್ಕೆ ಎರಡೂ. ಯಾರಿಗೆ ಯಾವುದೆಂದು ಗೊತ್ತಾಗದಂತೆ ಹುಸಿ ಮದ್ದುಗಳೂ ಜೊತೆಗಿದ್ದವು. ಮೂರೂ ಗುಂಪುಗಳಲ್ಲಿ ಫಲ ಹೆಚ್ಚುಕಡಿಮೆ ಒಂದೇ. ಇಷ್ಟು ಚಿಕ್ಕ ಗುಂಪಿನಿಂದ ಗೆಲುವನ್ನು ಸಾರಲಾಗದು. ಆಯುರ್ವೇದವನ್ನು ಅದರದೇ ನಿಯಮದಲ್ಲಿಟ್ಟು ಕುರುಡು ಪರೀಕ್ಷೆ ಮಾಡಲು ಸಾಧ್ಯವೆಂಬುದು ಮಾತ್ರ ಅಲ್ಲಿ ಸ್ಪಷ್ಟವಾಯಿತು.

ಆದರೆ ಅಲ್ಲಿ ವೈದ್ಯರಿದ್ದರು, ಹೆಸರಿರುವ ರೋಗವಿತ್ತು. ಗ್ರಂಧಿಗೆ ಅಂಗಡಿಯಿಂದ ‘ಇಮ್ಯುನಿಟಿಗೆ’ ಎಂದು ತಂದು ವರ್ಷವಿಡೀ ನುಂಗುವ ಅಶ್ವಗಂಧಕ್ಕೆ ಆ ಫಲಿತಾಂಶವನ್ನು ಹೊದಿಸುವಂತಿಲ್ಲ. ಅಶ್ವಗಂಧದಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವೈದ್ಯ ಪತ್ರಿಕೆಗಳಲ್ಲಿ ದಾಖಲಾಗಿವೆ. 2004ರಲ್ಲಿ ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ತಂದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ತಮಿಳುನಾಡು ಸರ್ಕಾರ ಡೆಂಗಿ ಕಾಲದಲ್ಲಿ ನೆಲಬೇವಿನ ಕಷಾಯ, ಕೋವಿಡ್ ಕಾಲದಲ್ಲಿ ಕಬಸುರ ಕುಡಿನೀರು ಹಂಚಿತು. ಹಂಚಿದ್ದು ಜೋರು, ಫಲವನ್ನು ಅಳೆಯುವ ಕೆಲಸ ಅಷ್ಟು ಜೋರಾಗಿ ನಡೆಯಲಿಲ್ಲ.

ಒಂದೂವರೆ ಶಿಫ್ಟಿನ ದಿನಚರಿ

ಜೀವನಕ್ರಮದ ಪಂಥಕ್ಕೆ ಚೆನ್ನೈನ ಎ. ರಾಮಚಂದ್ರನ್ ತಂಡ 2006ರಲ್ಲಿ ಗಟ್ಟಿ ನೆಲ ಒದಗಿಸಿತು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಮೂರು ವರ್ಷ ಹಿಂಬಾಲಿಸಿದಾಗ, ಏನೂ ವಿಶೇಷ ಸಲಹೆಯಿಲ್ಲದ ಗುಂಪಿನಲ್ಲಿ ಶೇ. 55 ಮಂದಿಗೆ ಕಾಯಿಲೆ ಬಂತು. ಊಟ ಮತ್ತು ನಡಿಗೆ ತಿದ್ದಿಕೊಂಡವರಲ್ಲಿ ಶೇ. 39.3, ಮೆಟ್‌ಫಾರ್ಮಿನ್ ಗುಳಿಗೆಯವರಲ್ಲಿ ಶೇ. 40.5. ಎರಡನ್ನೂ ಮಾಡಿದವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ. ಈ ಸಮೀಕ್ಷೆಯ ಎಲ್ಲ ಪಂಥಗಳಲ್ಲಿ ನಮ್ಮದೇ ಜನರ ಮೇಲೆ ಇಷ್ಟು ನೇರವಾಗಿ ಪರೀಕ್ಷೆಗೊಳಗಾಗಿ ಗೆದ್ದದ್ದು ಇದೊಂದೇ ಎನ್ನಬಹುದು.

ಕೊಯಮತ್ತೂರಿನ ರೇಸ್‌ಕೋರ್ಸ್ ಸುತ್ತ ಬೆಳಗ್ಗೆ ನಡೆಯುವವರಿಗೆ ಈ ಉಪದೇಶ ತಲುಪಿದೆ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದುಡಿಯುವವರ ಕಥೆ ಬೇರೆ. ಅಲ್ಲಿ ದಿನವನ್ನು ಅಳೆಯುವುದೇ ‘ಒಂದೂವರೆ ಶಿಫ್ಟ್’ ಲೆಕ್ಕದಲ್ಲಿ: ಬೆಳಗ್ಗೆ ಎಂಟೂವರೆಗೆ ಹೊಲಿಗೆ ಯಂತ್ರದ ಮುಂದೆ ಕೂತರೆ ರಾತ್ರಿ ಎಂಟೂವರೆ. ನಡುವೆ ಟೀ, ಬಜ್ಜಿ ಅಥವಾ ಬನ್ನು. ಟೀಯಲ್ಲಿರುವ ಟ್ಯಾನಿನ್ ಊಟದ ಕಬ್ಬಿಣ ಹೀರಲು ಅಡ್ಡಿ. ಆದರೆ ವಿರಾಮ ಸಿಗುವುದೇ ಟೀಗೆ. ಕಿಟಕಿಯಿಲ್ಲದ ಶೆಡ್ಡಿನಲ್ಲಿ ಹನ್ನೆರಡು ತಾಸು ಕಳೆಯುವವಳಿಗೆ ಬಿಸಿಲಿನ ನಾಡಿನಲ್ಲೂ ವಿಟಮಿನ್ ಡಿ ಕಮ್ಮಿಯಾದರೆ ಅಚ್ಚರಿಯಿಲ್ಲ. ಮೊಳಕೆ ಕಟ್ಟು, ಮುಂಜಾನೆ ನಡೆ, ಬೇಗ ಮಲಗು ಎಂಬ ಮಾತುಗಳಿಗೆ ಸಮಯ ಬೇಕು. ಕೂಲಿಯ ಜೊತೆ ಅದು ಬರುವುದಿಲ್ಲ. ಈ ಪಂಥದವರು ಮನಸ್ಸಿನ ದೃಢತೆಯ ಬಗ್ಗೆ ಬರೆದಷ್ಟು ಶಿಫ್ಟಿನ ಬಗ್ಗೆ ಬರೆದಿಲ್ಲವೆಂಬುದು ನನ್ನ ತಕರಾರು. ಸಿಂಗಾನಲ್ಲೂರಿನಲ್ಲಿ ಶಾಂತಿ ಸಾಮಾಜಿಕ ಸೇವಾ ಸಂಸ್ಥೆ ಕಡಿಮೆ ಬೆಲೆಯ ಊಟ, ಕಡಿಮೆ ಬೆಲೆಯ ಔಷಧ ಎರಡನ್ನೂ ಕೊಡುತ್ತದೆ. ಮಧ್ಯಾಹ್ನದ ಅಲ್ಲಿನ ಜನಸಂದಣಿ ಯಾವ ಪಂಥಕ್ಕೂ ಸೇರಿದ್ದಲ್ಲ.

ಇನ್ನೂ ಇತ್ಯರ್ಥವಾಗದ್ದು

ಮೊದಲನೆಯದು ರಕ್ತಹೀನತೆ. ಕಬ್ಬಿಣದ ಗುಳಿಗೆಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ ಅರ್ಧ ಶತಮಾನ ದಾಟಿತು. ಆದರೂ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತಮಿಳುನಾಡಿನ ಶೇ. 53.4, ಕರ್ನಾಟಕದ ಶೇ. 47.8 ಹೆಂಗಸರು ರಕ್ತಹೀನರು. ಅಷ್ಟೂ ಕಬ್ಬಿಣದ ಕೊರತೆಯೇ? ಬಿ12, ಫೋಲೇಟ್, ಸೋಂಕು, ಮುಟ್ಟಿನ ರಕ್ತಸ್ರಾವಗಳ ಪಾಲೆಷ್ಟು? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನೂರಾ ಕುರ್ಪಾಡ್ ಮತ್ತವರ ಜೊತೆಗಾರರು ಅಳತೆಗೋಲನ್ನೇ ಪ್ರಶ್ನಿಸುತ್ತಾರೆ. ಬೆರಳ ತುದಿಯ ಹನಿರಕ್ತಕ್ಕೂ ತೋಳಿನ ರಕ್ತನಾಳದ ರಕ್ತಕ್ಕೂ ಲೆಕ್ಕ ಬೇರೆ ಬರುತ್ತದೆ. ಹಿಮೋಗ್ಲೋಬಿನ್ನಿನ ಗಡಿ ಭಾರತೀಯ ಮಕ್ಕಳಿಗೆ ಸರಿಹೊಂದದು ಎನ್ನುವುದು ಅವರ ವಾದ. 2020ರ ಐಸಿಎಂಆರ್ ಪಟ್ಟಿಯಲ್ಲಿ ಹೆಂಗಸರ ಸರಾಸರಿ ಕಬ್ಬಿಣದ ಅಗತ್ಯ ದಿನಕ್ಕೆ 15 ಮಿಲಿಗ್ರಾಂ, ಬಹುತೇಕ ಎಲ್ಲರಿಗೂ ಸಾಲುವಂತೆ ಇಟ್ಟ ಮಟ್ಟ 29. ಎರಡನೆಯದನ್ನು ಹಿಡಿದು ಅಳೆದರೆ ನಾಡಿಗೆ ನಾಡೇ ಕೊರತೆಯಲ್ಲಿದೆ ಎನ್ನಿಸುತ್ತದೆ.

ಎರಡನೆಯದು ಪಡಿತರದ ಬಲವರ್ಧಿತ ಅಕ್ಕಿ. ಒಂದು ಕಿಲೋದಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ, ಬಿ12 ಬೆರೆಸಿ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2024ರಲ್ಲಿ, 2028ರ ಡಿಸೆಂಬರ್‌ವರೆಗೆ ವಿಸ್ತರಿಸಿತ್ತು. ಇಂಥ ಅಕ್ಕಿಯಿಂದ ರಕ್ತಹೀನತೆಯ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗದಿರಬಹುದು ಎಂದು 2019ರ ಕಾಕ್ರೇನ್ ಪರಾಮರ್ಶೆ ಹೇಳಿತ್ತು. ಕುಡಗೋಲು ಕಣ ರೋಗ, ಥಲಸೀಮಿಯಾ ಇರುವವರಿಗೆ ಹೆಚ್ಚುವರಿ ಕಬ್ಬಿಣ ಒಳಿತೇ ಎಂಬ ಅಳುಕೂ ಉಳಿದಿದೆ. ಭಾರತದಲ್ಲಿ ಕುಡಗೋಲು ಕಣ ಮೊದಲು ಪತ್ತೆಯಾದದ್ದು 1952ರಲ್ಲಿ, ನೀಲಗಿರಿಯ ಆದಿವಾಸಿಗಳಲ್ಲಿ. ಅಂದರೆ ಮೆಕ್‌ಕ್ಯಾರಿಸನ್ನರ ಇಲಿಗಳಿದ್ದ ಬೆಟ್ಟದಲ್ಲೇ.

ವಿಟಮಿನ್ ಡಿಯ ಗಡಿಯೂ ಜಾರುತ್ತಿದೆ. ಅಮೆರಿಕದ ಎಂಡೊಕ್ರೈನ್ ಸೊಸೈಟಿ ಮಿಲಿಲೀಟರಿಗೆ 30 ನ್ಯಾನೊಗ್ರಾಂ ಇರಬೇಕೆಂಬ ತನ್ನ ಹಳೆಯ ಮಾತನ್ನು 2024ರಲ್ಲಿ ಕೈಬಿಟ್ಟು, ಆರೋಗ್ಯವಂತ ವಯಸ್ಕರಿಗೆ ವಾಡಿಕೆಯ ಪರೀಕ್ಷೆ ಬೇಡವೆಂದಿತು. ನಮ್ಮ ಲ್ಯಾಬುಗಳ ‘ಫುಲ್ ಬಾಡಿ’ ಪ್ಯಾಕೇಜಿನಲ್ಲಿ ಆ ಪರೀಕ್ಷೆ ಹಾಗೇ ಇದೆ. ಇನ್ನು ಸಿರಿಧಾನ್ಯವನ್ನು ಐದು ಹತ್ತು ವರ್ಷ ತಿಂದವರಲ್ಲಿ ಹೃದಯಾಘಾತ, ಮೂತ್ರಪಿಂಡದ ರೋಗ ತಗ್ಗುತ್ತದೆಯೇ ಎಂಬುದಕ್ಕೆ ದೊಡ್ಡ ಪ್ರಯೋಗ ಬೇಕಿದೆ. ಆಮವಾತದ ಆ 43 ಜನರ ಯತ್ನವನ್ನು ನೂರಾರು ರೋಗಿಗಳ ಮೇಲೆ ಮತ್ತೆ ಮಾಡಿ ನೋಡಬೇಕಿದೆ. ಚೆನ್ನೈ ಪ್ರಯೋಗದ ನಡಿಗೆ, ಪಥ್ಯಗಳು ಒಂದೂವರೆ ಶಿಫ್ಟಿನವರಲ್ಲೂ ಅಷ್ಟೇ ಫಲ ಕೊಡುತ್ತವೆಯೋ, ಅಥವಾ ಅವರ ಮಟ್ಟಿಗೆ ಶಿಫ್ಟನ್ನೇ ಚಿಕಿತ್ಸೆಯ ಭಾಗವಾಗಿ ತಿದ್ದಬೇಕೋ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲು ತಿರುಪ್ಪೂರಿಗಿಂತ ತಕ್ಕ ಊರು ಸಿಗುವುದು ಕಷ್ಟ.